ಬಲ್ಬು ಸುಟ್ಟಿತೆಂಬ ವದಂತಿ

“ಮುದುಕ ಕೈ ಹಾಕಿದ, ಪ್ರೊಜೆಕ್ಟರಿನ ಬಲ್ಬು ಸುಟ್ಟಿತು” ಎಂದು ನಮ್ಮೂರು ಗೋಗಿಯ ಆಟೋಗಳಲ್ಲಿ ಇಂದಿಗೂ ಹೇಳುತ್ತಾರೆ. ಆ ಮುದುಕ ನಾನೇ. ಈ ಕಥನ ಸಂಪೂರ್ಣ ಅಸತ್ಯ. ಯಂತ್ರಕ್ಕೆ ನಾನು ಬೆರಳನ್ನೂ ತಾಗಿಸಿಲ್ಲ!

ನನ್ನ ಸೊಸೆ ಶರಣಮ್ಮ ಊರಿನ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಆ ಪ್ರೊಜೆಕ್ಟರನ್ನು ಶಿಕ್ಷಣ ಇಲಾಖೆಯವರು ಶಾಲೆಗೆ ತಾತ್ಕಾಲಿಕವಾಗಿ ಕೊಟ್ಟಿದ್ದರು. ಅಧಿಕಾರಿಗಳು ಪಾಠ ನೋಡಿ ಮೆಚ್ಚಿದರೆ ಅದು ನಮ್ಮಲ್ಲೇ ಉಳಿಯುವುದು, ಇಲ್ಲವಾದರೆ ಪಕ್ಕದ ಊರಿಗೆ ಹೋಗುವುದು. ಕೋಣೆಯ ಕಿಟಕಿಗೆ ಬಾಗಿಲಿರಲಿಲ್ಲ. ನಮ್ಮ ಬಿಸಿಲಿಗೆ ದಾಕ್ಷಿಣ್ಯವಿಲ್ಲ. ಗೋಡೆಯ ಮೇಲೆ ಚಿತ್ರವೇ ಮೂಡುತ್ತಿರಲಿಲ್ಲ.

“ಕತ್ತಲಿ ಮಾಡೋದು ನನಗ ಬಿಡು” ಎಂದೆ. ಕುರಿಗಾರರ ಮನೆಯಿಂದ ಕರಿ ಕಂಬಳಿ ತಂದೆ.

“ಮೊಳಿ ಹೊಡೀರಿ, ಮಾವಾರ.”

“ಮಂದಿ ಪೂಜಿ ಮಾಡೋ ಕಂಬಳಿಗೆ ಮೊಳಿ ಹೊಡೀತಾರೇನವ್ವಾ? ಗಂಟು ಸಾಕು.”

“ಗಂಟು ಬಿಚ್ಚಿದ್ರ?”

“ಜೀವಮಾನ ಎತ್ತು ಕಟ್ಟಿದ ಕೈ ಇದು!”

ಅಧಿಕಾರಿಗಳು ಬಂದು ಹಿಂದಿನ ಬೆಂಚಿನಲ್ಲಿ, ಕಂಬಳಿ ಕಟ್ಟಿದ ಕಿಟಕಿಯ ಕೆಳಗೆ ಕುಳಿತರು. ನಗಲಿಲ್ಲ. ಶರಣಮ್ಮ ಸ್ವಿಚ್ಚು ಹಾಕಿದಳು. ಗೋಡೆಯ ಮೇಲೆ ನದಿಗಳ ನಕ್ಷೆ ನೀಲಿಯಾಗಿ ಮೂಡಿತು. ಮಕ್ಕಳು ಉಸಿರು ಬಿಗಿಹಿಡಿದರು. ಅಧಿಕಾರಿಗಳು ಮೊದಲ ಬಾರಿಗೆ ತಲೆದೂಗಿದರು.

ಮೂಲೆಯಲ್ಲಿ ಕೂತಿದ್ದ ನಾನು ಸುಮ್ಮನಿರಬಹುದಿತ್ತು. ಆದರೆ ಭೀಮೆ ಕೃಷ್ಣೆಯನ್ನು ಸೇರುವ ತಾಣವನ್ನು ಆ ನಕ್ಷೆ ಇರಬೇಕಾದ ಜಾಗಕ್ಕಿಂತ ಬೆರಳಗಲ ಮೇಲಕ್ಕೆ ತೋರಿಸುತ್ತಿತ್ತು! ಅಚ್ಚಾದದ್ದನ್ನೆಲ್ಲ ನಂಬುವ ಜಾತಿ ನನ್ನದಲ್ಲ. ತಿದ್ದಲು ಎದ್ದು ಮುಂದೆ ನಿಂತೆ.

“ಅಜ್ಜಾ, ಕೃಷ್ಣಾ ನದಿ ನಿಮ್ಮ ಹೊಟ್ಟಿ ಮ್ಯಾಲೆ ಹರಿಯಾಕತ್ತೈತ್ರಿ!” ಎಂದು ಒಬ್ಬಳು ಹುಡುಗಿ ಕೂಗಿದಳು. ತರಗತಿ ಭೋರ್ಗರೆಯಿತು.

“ಸರೀರಿ, ಮಾವಾರ!” ಸೊಸೆಯ ದನಿಯಲ್ಲಿ ಅಳು ಇತ್ತು.

ಹಿಂದಿನ ಬೆಂಚಿನತ್ತ ಸರಿದೆ. ಕಾಲು ಎಡವಿತು. ಆಸರೆಗೆಂದು ಕಂಬಳಿ ಹಿಡಿದೆ. ಗಂಟು ಬಿಚ್ಚಿತು! ಬಿಸಿಲು ಗೋಡೆಗೆ ಬಡಿಯಿತು. ನದಿ, ನಾಡು ಎಲ್ಲ ಮಾಯ. ಕಂಬಳಿ ಅಧಿಕಾರಿಗಳ ತಲೆಯ ಮೇಲಿತ್ತು.

“ಬಲ್ಬು ಹೋತು!” ಎಂದು ಗಾಬರಿಯಾದ ಮುಖ್ಯ ಗುರುಗಳು ಸ್ವಿಚ್ಚು ಆರಿಸಿದರು. ಅಧಿಕಾರಿಗಳು ಕಂಬಳಿಯೊಳಗಿಂದ ಹೊರಬಂದು, ನೇರ ಹೊರಟರು. ಸಂಜೆಯೊಳಗೆ ಯಂತ್ರವೂ ಹೊರಟಿತು.

ನಿರಪರಾಧಿತ್ವ ಸಾಬೀತುಪಡಿಸಲು ಮರುವಾರವೇ ಪಕ್ಕದ ಊರಿನ ಶಾಲೆಗೆ ಹೋದೆ. ಅದೇ ಯಂತ್ರ, ಅದೇ ಬಲ್ಬು, ಚಿತ್ರ ನಿಚ್ಚಳ! ಯಾರು ಬೇಕಾದರೂ ಹೋಗಿ ನೋಡಬಹುದು. ಓಡೋಡಿ ಬಂದು ಸೊಸೆಗೆ ಹೇಳಿದೆ: “ಬಲ್ಬು ಸುಟ್ಟಿಲ್ಲವ್ವಾ! ಯಂತ್ರ ಚಲೋ ಐತಿ!”

ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಹೌದ್ರೀ? ಇಷ್ಟು ದಿನ ಬಲ್ಬಿಗೆ ಬೈಯಾಕತ್ತಿದ್ದೆ, ಮಾವಾರ.”