ಮಲಪರೀಕ್ಷೆಗೆ ನಾನು ಮಾಡಿಕೊಂಡ ತಯಾರಿ

ತಯಾರಿಯಿಲ್ಲದೆ ನಾನು ಯಾವ ಪರೀಕ್ಷೆಗೂ ಹೋದವನಲ್ಲ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತೆ, ಮೂರು ಸಲವೂ ಚೆನ್ನಾಗಿಯೇ ಓದಿದ್ದೆ. ಫಲಿತಾಂಶದ ಮಾತು ಬೇರೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನ್ನದು ಬಹರೈನಿನ ಬಿಸಿಲಿಗೂ ಹೋಗಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಸಿತ್ರಾದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಸ್ಟೋರ್‌ಕೀಪರ್ ಆಗಿದ್ದಾಗ, ಮಲಪರೀಕ್ಷೆಗೂ ತಯಾರಿ ಮಾಡಿಕೊಂಡೆ.

ಅಕ್ಕಿ ಬೇಳೆ ಮುಟ್ಟುವವರೆಲ್ಲ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಆರೋಗ್ಯದ ಕಾರ್ಡ್ ಪಡೆಯಬೇಕಿತ್ತು. ಆ ವರ್ಷ ಕಾರ್ಡಿನ ಹಿಂದೆ ನನ್ನ ಹೆಂಡತಿ ಬೆನೆಡಿಕ್ಟಾ ನಿಂತಿದ್ದಳು. ಕಾರ್ಡ್ ಬಂದರೆ ನೌಕರಿಯ ಕರಾರು ಮುಂದುವರಿಯುತ್ತದೆ, ಕರಾರು ಮುಂದುವರಿದರೆ ಅವಳಿಗೆ ವೀಸಾ. ಮದುವೆಯಾಗಿ ಮೂರು ವರ್ಷವಾಗಿತ್ತು. ನಾವು ಒಟ್ಟಿಗಿದ್ದದ್ದು ಎರಡು ರಜೆ ಮಾತ್ರ. ಅವಳಾಗಲೇ ಮಂಗಳೂರಿನಲ್ಲಿ ಸೂಟ್‌ಕೇಸ್ ಕೊಂಡಿದ್ದಳು. ಅಷ್ಟರಲ್ಲಿ ನಮ್ಮ ಅಡುಗೆಯವನೊಬ್ಬನ ಹೊಟ್ಟೆಯಲ್ಲಿ ಹುಳ ಸಿಕ್ಕಿ ಅವನನ್ನು ಮನೆಯಲ್ಲಿ ಕೂರಿಸಿದರು. ನನ್ನ ಹೊಟ್ಟೆಯಲ್ಲಿ ಒಂದೇ ಒಂದು ಕ್ರಿಮಿಯೂ ಸಿಗಬಾರದೆಂದು ಪಣತೊಟ್ಟೆ. ಆಗ ನಮ್ಮೆಲ್ಲರ ಪೆಟ್ಟಿಗೆಯಲ್ಲೂ ಊರಿನಿಂದ ತಂದ ಆಂಟಿಬಯೋಟಿಕ್ ಕ್ಯಾಪ್ಸೂಲುಗಳು ಇರುತ್ತಿದ್ದವು. ನೆಗಡಿಗೂ ಅದೇ, ಕುರುವಿಗೂ ಅದೇ, ಹಲ್ಲುನೋವಿಗೂ ಅದೇ. ನೆಂಟರು ಬರುವ ಮೊದಲು ಮನೆ ಗುಡಿಸುವುದಿಲ್ಲವೇ, ಹಾಗೆ ದಿನಕ್ಕೆ ನಾಲ್ಕರಂತೆ ನುಂಗತೊಡಗಿದೆ.

ಹೂರಾ ಎಂಬಲ್ಲಿನ ನಮ್ಮ ಕೋಣೆಯಲ್ಲಿ ಜೊತೆಗಿದ್ದ ಉಳ್ಳಾಲದ ಹಮೀದ್ ಕಂಪನಿ ಬಸ್ಸಿನ ಡ್ರೈವರ್. "ಜ್ವರ ಇಲ್ಲದೆ ಎಂತಕ್ಕೆ ಮಾರಾಯ್ರೆ ಅದು?" ಎಂದ. ನಾನು ಶುಚಿತ್ವದ ಬಗ್ಗೆ ಅರ್ಧ ಗಂಟೆ ಕೊರೆದೆ. ಐದನೆಯ ದಿನ ಬೆಳಿಗ್ಗೆ ಬಸ್ಸು ಸಿತ್ರಾ ಸೇತುವೆ ಹತ್ತಿದ್ದೇ ತಡ, ನನ್ನ ಹೊಟ್ಟೆ ಮಾತಾಡಿತು. ಎದ್ದು ಹಮೀದನ ಪಕ್ಕ ಹೋದೆ.

"ಹಮೀದ್, ನಿಲ್ಲಿಸು."

"ಸೇತುವೆ ಮೇಲೆ ನಿಲ್ಲಿಸ್ಲಿಕ್ಕೆ ಇಲ್ಲ ಲಾರೆನ್ಸರೇ."

"ಹಾಗಾದ್ರೆ ಹಾರಿಸು."

ಅವನು ಒಮ್ಮೆ ನನ್ನ ಮುಖ ನೋಡಿದ, ಆಕ್ಸಿಲರೇಟರ್ ಒತ್ತಿದ. ಆ ದಿನ ನಲವತ್ತು ಮಂದಿ ಹತ್ತು ನಿಮಿಷ ಮೊದಲೇ ಕೆಲಸಕ್ಕೆ ಮುಟ್ಟಿದರು. ಒಬ್ಬರೂ ನನ್ನನ್ನು ನೆನೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನು ಗೋಡೆ ಹಿಡಿದು ನಡೆಯುತ್ತಿದ್ದೆ.

ಕ್ಲಿನಿಕ್ಕಿನಲ್ಲಿ ಈಜಿಪ್ಟಿನ ಡಾಕ್ಟರು. ಅವರ ಮಾತನ್ನು ನನಗೆ ತಿಳಿಯುವಂತೆ ಹೇಳಿದವಳು ಬಂಟ್ವಾಳದ ಕಡೆಯ ನರ್ಸ್ ಸ್ಟೆಲ್ಲಾ. "ಹೊಟ್ಟೆ ಅಂದ್ರೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳ ಊರಂತೆ. ಉಂಡದ್ದು ಅರಗಿಸ್ಲಿಕ್ಕೆ ಅವು ಬೇಕು, ಕೆಟ್ಟವನ್ನು ಹೊರಗೆ ಇಡ್ಲಿಕ್ಕೂ ಅವೇ ಬೇಕು. ನೀವು ಊರವರನ್ನೇ ಓಡಿಸಿದ್ದೀರಿ. ಖಾಲಿ ಮನೆ ನೋಡಿ ಪೋಕರಿಗಳು ನುಗ್ಗಿದ್ದಾರೆ. ಈಗ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ, ಮಾತ್ರೆ ಬಿಟ್ಟು ಮೂರು ವಾರ ಕಳೆದು ಬನ್ನಿ."

"ಒಂದೂ ಕ್ರಿಮಿ ಇಲ್ಲದಿದ್ದರೆ ಒಳ್ಳೆಯದಲ್ಲವೇ, ಕೇಳಿ ನೋಡಿ," ಎಂದೆ.

"ಅದನ್ನು ನಾನು ಕೇಳುವುದಿಲ್ಲ," ಎಂದಳು. "ಡಾಕ್ಟರಿಗೆ ನಮ್ಮ ಊರಿನವರ ಮೇಲೆ ಒಳ್ಳೆ ಅಭಿಪ್ರಾಯ ಉಂಟು."

ಮೂರು ವಾರ ಗಂಜಿ, ಮೊಸರು. ಓಡಿಹೋದವರು ಒಬ್ಬೊಬ್ಬರಾಗಿ ಮರಳಿ ಬರಲೆಂದು ದಿನಾ ಪ್ರಾರ್ಥನೆ. ಕರಾರು ತಪ್ಪುತ್ತದೋ ಎಂಬ ಹೆದರಿಕೆಯಲ್ಲಿ ನಿದ್ದೆಯೂ ಸರಿಯಾಗಿ ಹತ್ತುತ್ತಿರಲಿಲ್ಲ. ಹೆಂಡತಿಗೆ ಮಾತ್ರ "ಇಲ್ಲಿನ ಕಚೇರಿಯಲ್ಲಿ ಕಾಗದ ತಡವಾಗಿದೆ, ಅರಬರ ಕೆಲಸ ನಿನಗೆ ಗೊತ್ತಲ್ಲ," ಎಂದು ಬರೆದೆ. ಪಾಪ, ಯಾವ ಅರಬನಿಗೂ ಇದರ ಸುದ್ದಿಯೇ ಇರಲಿಲ್ಲ.

ಕೊನೆಗೂ ಕಾರ್ಡ್ ಬಂತು, ತಿಂಗಳು ತಡವಾಗಿ ಬೆನೆಡಿಕ್ಟಾಳೂ ಬಂದಳು. ಅವಳು ಬಂದ ಮೊದಲ ಶುಕ್ರವಾರ, ಅಲ್ಲಿ ಅದೇ ವಾರದ ರಜೆ, ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ನೋಡುತ್ತೇನೆ, ಅವಳೂ ಸ್ಟೆಲ್ಲಾಳೂ ಕೈ ಹಿಡಿದುಕೊಂಡು ನಿಂತಿದ್ದಾರೆ. ಇಬ್ಬರ ತಾಯಿಮನೆಯೂ ಒಂದೇ ಕಡೆಯಂತೆ. ದೂರದಿಂದ ಮಾತು ಕೇಳಿಸಲಿಲ್ಲ. ಸ್ಟೆಲ್ಲಾ ಒಮ್ಮೆ ತನ್ನ ಹೊಟ್ಟೆ ಮುಟ್ಟಿ ತೋರಿಸಿದ್ದಷ್ಟೇ ಕಂಡಿತು.

ಮನೆಗೆ ಬಂದು ಬೆನೆಡಿಕ್ಟಾ ಊಟ ಬಡಿಸಿದಳು. ಎದುರು ಕೂತು, ನನ್ನ ಅಂಗಿಯ ನಾಲ್ಕನೆಯ ಗುಂಡಿಯನ್ನೇ ದಿಟ್ಟಿಸುತ್ತ, "ನನ್ನನ್ನು ಒಂದು ತಿಂಗಳು ಕಾಯಿಸಿದ ಕಚೇರಿ ಇದೇ ಅಲ್ವಾ?" ಎಂದಳು.

ಒಳಗೆ ಅಷ್ಟು ಕೋಟಿ ಮಂದಿ ಇದ್ದರು. ಒಬ್ಬರಾದರೂ ನನ್ನ ಪರವಾಗಿ ತುಟಿಪಿಟಿಕ್ಕೆನ್ನಲಿಲ್ಲ.