ದಿವ್ಯಚಕ್ಷು ಕೇಂದ್ರದ ಪ್ರೋಬ್ ಸಂಗ್ರಾಮ

ಕೃತಯುಗ ಗತಿಸಿ, ತ್ರೇತಾ ದ್ವಾಪರಗಳು ಕಾಲಗರ್ಭದಲ್ಲಿ ಲೀನವಾಗಿ, ಕಲಿಯುಗದ ಮಧ್ಯದಲ್ಲಿ ಸರ್ಟಿಫಿಕೇಟ್ ಎಂಬ ಉಪಯುಗವು ಗೋಡೆಗೋಡೆಗಳ ಮೇಲೆ ಗಾಜಿನ ಚೌಕಟ್ಟಿನೊಳಗೆ ಪ್ರಜ್ವಲಿಸುತ್ತಿದ್ದ ಕಾಲದಲ್ಲಿ ನಡೆದ ಘೋರ ಸಮರವನ್ನು ಹೇಳುತ್ತೇನೆ. ಎಲೈ ಶ್ರವಣಾತೀತಧ್ವನಿತರಂಗಾಧಿದೇವತೆಯೇ, ಯಾರ ಕಿವಿಗೂ ಬೀಳದೆ ಉದರಾಂಧಕಾರವನ್ನು ಹೊಕ್ಕು ಬೂದುಬಣ್ಣದ ಚಿತ್ರವಾಗಿ ಮರಳಿ ಬರುವವಳೇ, ನನ್ನ ನಾಲಗೆಗೆ ಒಂದಿಷ್ಟು ಜೆಲ್ ಹಚ್ಚು. ಒಣಗಿದ ಬಾಯಲ್ಲಿ ಈ ಕಥೆ ಹೊರಡುವುದಿಲ್ಲ.

ಹುಬ್ಬಳ್ಳಿ ಮಹಾನಗರದಲ್ಲಿ, ಸೀರೆ ಅಂಗಡಿಯೊಂದನ್ನು ಪಾದಪೀಠವಾಗಿಸಿಕೊಂಡ ಮೂರನೆಯ ಮಹಡಿಯಲ್ಲಿ, ದಿವ್ಯಚಕ್ಷು ಸ್ಕ್ಯಾನಿಂಗ್ ತರಬೇತಿ ಕೇಂದ್ರವು ವಿರಾಜಮಾನವಾಗಿತ್ತು. ಎಂಬಿಬಿಎಸ್ ಮುಗಿಸಿದ ವೈದ್ಯೋತ್ತಮರು ಅಲ್ಲಿ ಆರು ತಿಂಗಳು ತಪಸ್ಸು ಮಾಡಿ, ಅಲ್ಟ್ರಾಸೌಂಡ್ ಯಂತ್ರದ ಮೂಲಕ ಪರರ ಹೊಟ್ಟೆಯೊಳಗನ್ನು ನೋಡುವ ಅಧಿಕಾರವನ್ನು ವರವಾಗಿ ಪಡೆಯುತ್ತಿದ್ದರು. ಯಂತ್ರ ಒಂದೇ. ಹೊಟ್ಟೆಯ ಮೇಲೆ ಆಡಿಸುವ ಹಿಡಿಗಾತ್ರದ ಪ್ರೋಬ್, ಅದೂ ಒಂದೇ. ಶಿಷ್ಯರು ಕೈಯಿಟ್ಟರೆ ಕೆಟ್ಟೀತೆಂದು ನಿರ್ದೇಶಕರು ಆ ಪ್ರೋಬನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು ಬೋಧಿಸುತ್ತಿದ್ದರು. ಬಾವಿಯ ಫೋಟೋ ತೋರಿಸಿ ಈಜು ಕಲಿಸುವ ವಿದ್ಯೆ ಅದು. ಅದನ್ನು ತರಬೇತಿ ಎಂದು ಕರೆಯಲು ನಾಚಿಕೆಯಾಗಬೇಕಿತ್ತು, ಯಾರಿಗೂ ಆಗಲಿಲ್ಲ. ನಿರ್ದೇಶಕರ ಮಹಾಮಂತ್ರ ಒಂದೇ ಆಗಿತ್ತು: "ಕಣ್ಣು ಸ್ಕ್ರೀನ್ ಮ್ಯಾಲಿರಬೇಕು. ಪೇಷಂಟ್ ಮಾರಿ ನೋಡ್ಕೋತ ಕುಂತಾವ ಸೋನಾಲಜಿಸ್ಟ್ ಅಲ್ಲ."

ಆ ಮಂತ್ರವನ್ನು ಹೃದಯಗುಹೆಯಲ್ಲಿ ಪ್ರತಿಷ್ಠಾಪಿಸಿಕೊಂಡವರಲ್ಲಿ ಅಗ್ರಗಣ್ಯನು ಡಾಕ್ಟರ್ ಚಿದಾನಂದ ಕಲಾದಗಿ, ಕಥಾನಾಯಕನು, ಸ್ಟೆಥೋಸ್ಕೋಪಮಾಲಾಲಂಕೃತಕಂಠನು, ಸ್ವಗ್ರಾಮೈಕಧನ್ವಂತರಿಯು. ತನ್ನ ಊರಿನ ಪುಟ್ಟ ಆಸ್ಪತ್ರೆಗೆ ಅವನು ಆಗಲೇ ಹೊಸ ಯಂತ್ರ ತರಿಸಿ, ಹಳದಿ ಬಟ್ಟೆ ಹೊದಿಸಿ ನಿಲ್ಲಿಸಿದ್ದನು. ಸರ್ಟಿಫಿಕೇಟ್ ಬರುವವರೆಗೆ ಆ ಬಟ್ಟೆ ತೆಗೆಯುವಂತಿರಲಿಲ್ಲ. ಊರಿನ ಬಸುರಿಯರು ಸ್ಕ್ಯಾನಿಂಗಿಗಾಗಿ ಹೊಟ್ಟೆ ಹೊತ್ತುಕೊಂಡು ಬಸ್ಸು ಹತ್ತಿ ಹುಬ್ಬಳ್ಳಿಗೆ ಬರುತ್ತಿದ್ದರು. ಇನ್ನು ಬಸ್ಸು ಹತ್ತುವುದು ಬೇಡವೆಂದು ಅವರಿಗೆಲ್ಲ ಅವನು ಮಾತು ಕೊಟ್ಟಾಗಿತ್ತು.

ಅವನ ಪ್ರತಿಸ್ಪರ್ಧಿಯು ಡಾಕ್ಟರ್ ಇಂದುಮತಿ ಹೊಂಬಳ, ಪ್ರಥಮಪಂಕ್ತಿಪ್ರಥಮಾಸನಾಧೀಶ್ವರಿ, ಪ್ರಶ್ನೆ ಕೇಳುವ ಮೊದಲೇ ಉತ್ತರ ಹೇಳುವ ತೀಕ್ಷ್ಣಜಿಹ್ವೆ. ಪರೀಕ್ಷೆಯ ದಿನ ಶಿಷ್ಯರಲ್ಲಿ ಒಬ್ಬರು ರೋಗಿಯಾಗಿ ಮಲಗಬೇಕೆಂಬುದು ಕೇಂದ್ರದ ಸಂಪ್ರದಾಯ. ಆ ಪಾಳಿ ಮೂರನೆಯವನಾದ ಡಾಕ್ಟರ್ ಪ್ರಭುಲಿಂಗ ಯರಗುಪ್ಪಿಗೆ ಬಂದಿತ್ತು. ಆತನು ಬೆಳಗಿನಿಂದ ಬಾಟಲಿಗಟ್ಟಲೆ ನೀರು ಕುಡಿದು, ಮೂತ್ರಕೋಶವನ್ನು ಮಳೆಗಾಲದ ಕೆರೆಯಂತೆ ತುಂಬಿಸಿಕೊಂಡು ಮಂಚದ ಮೇಲೆ ಮಲಗಿದ್ದನು. ಮೂತ್ರಕೋಶ ತುಂಬಿರದಿದ್ದರೆ ಕಿಬ್ಬೊಟ್ಟೆಯ ಚಿತ್ರ ಸರಿಯಾಗಿ ಕಾಣುವುದಿಲ್ಲ.

ಯುದ್ಧಕಾರಣ ಇಲ್ಲಿದೆ. ಪರೀಕ್ಷಕರಾದ ಡಾಕ್ಟರ್ ಸಿಂದಗಿಯವರು ಸಂಜೆಯ ರೈಲು ಹಿಡಿಯಬೇಕಿತ್ತು. ಯರಗುಪ್ಪಿಯು ಒಂದು ಪರೀಕ್ಷೆ ಮುಗಿಯುವವರೆಗೆ ತಡೆದಾನು, ಎರಡನೆಯದಕ್ಕೆ ತಡೆಯಲಾರನು; ಮೂತ್ರಕೋಶ ಮತ್ತೆ ತುಂಬುವವರೆಗೆ ರೈಲು ಕಾಯದು. ಮೊದಲು ಹೋದವರಿಗೆ ತುಂಬಿದ ಮೂತ್ರಕೋಶ. ನಂತರದವರಿಗೆ ಖಾಲಿ ಚೀಲ, ಮತ್ತೆ ಆರು ತಿಂಗಳ ಗೋಡೆಚಿತ್ರ.

ಕಪಾಟಿನ ಬೀಗ ತೆರೆದು, ಯರಗುಪ್ಪಿಯ ಹೊಟ್ಟೆಗೆ ಜೆಲ್ ಬಳಿದು, ನಿರ್ದೇಶಕರು ಪರೀಕ್ಷಕರನ್ನು ಕರೆತರಲು ಕೆಳಗಿಳಿದದ್ದೇ ತಡ, ಕಲಾದಗಿಯು ಪ್ರೋಬನ್ನು ಗದೆಯಂತೆ ಎತ್ತಿ, ಯರಗುಪ್ಪಿಯ ಕಿಬ್ಬೊಟ್ಟೆಯ ಮೇಲೆ ಸ್ಥಾಪಿಸಿ, ತೆರೆಯ ಮೇಲೆ ಕಪ್ಪು ಸರೋವರದಂಥ ಮೂತ್ರಕೋಶವು ಉದಿಸಿದುದನ್ನು ಕಂಡು ಹೀಗೆ ಗರ್ಜಿಸಿದನು:

"ಮೇಡಮ್ಮರ, ದೂರ ಸರೀರಿ. ನಮ್ಮ ತಾಲೂಕಿನ ಬಸುರಿಯರೆಲ್ಲಾ ನನ್ನ ದಾರಿ ಕಾಯಾಕತ್ತ್ಯಾರ. ಈ ಕೈ ಹಿಡದದ್ದನ್ನ ಬಿಟ್ಟ ಕೈ ಅಲ್ಲ."

"ಹಿಡದದ್ದ ಈಗ, ಅರ್ಧ ನಿಮಿಷದ ಹಿಂದ," ಎಂದಳು ಇಂದುಮತಿ, ಪ್ರೋಬಿನ ವಯರನ್ನು ಮುಂಗೈಗೆ ಸುತ್ತಿಕೊಳ್ಳುತ್ತ. "ಥೇರಿಯೊಳಗ ಕ್ಲಾಸಿಗೆ ಫಸ್ಟ್ ಬಂದಾಕಿ ನಾನು. ಮೊದಲ ಪಾಳಿ ನಂದು. ಬಿಡ್ರಿ ಅದನ್ನ."

"ಯಾರರೇ ಒಬ್ಬರು ಲಗೂನ ಮಾಡ್ರಪಾ," ಎಂದು ಯರಗುಪ್ಪಿಯು ಹಲ್ಲು ಕಚ್ಚಿ ನುಡಿದನು. ಆ ಆರ್ತನಾದವು ಯಾರ ಕಿವಿಗೂ ಬೀಳಲಿಲ್ಲ.

ಆಗ ನಡೆದ ಸಂಗ್ರಾಮವನ್ನು ಏನೆಂದು ವರ್ಣಿಸಲಿ. ಅವಳು ವಯರನ್ನು ಎಳೆದರೆ ಇವನು ಪ್ರೋಬನ್ನು ಎಳೆದನು. ಜೆಲ್ಲಿನ ಬಾಟಲಿಯು ನೆಲಕ್ಕುರುಳಿ ರಣಭೂಮಿಯನ್ನು ಜಾರುಬಂಡೆಯಾಗಿಸಿತು. ಕಲಾದಗಿಯ ಚಪ್ಪಲಿಯೊಂದು ಹಾರಿ ಧನ್ವಂತರಿಯ ಪಟದ ಕೆಳಗೆ ಶರಣಾಯಿತು. ಉಭಯಪಕ್ಷಗಳ ಭಾರವೂ ಯರಗುಪ್ಪಿಯ ಕಿಬ್ಬೊಟ್ಟೆಯ ಮೇಲೆಯೇ ಬಿದ್ದು, ಆತನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದನು. ಆ ಗದ್ದಲದಲ್ಲಿ ಇಂದುಮತಿಯ ಮೊಣಕೈಯು ಯಂತ್ರದ ಫ್ರೀಜ್ ಗುಂಡಿಗೆ ತಗುಲಿ, ತೆರೆಯ ಮೇಲಿನ ಮೂತ್ರಕೋಶವು ಅಚ್ಚೊತ್ತಿದಂತೆ ಅಲ್ಲಿಯೇ ನಿಂತುಬಿಟ್ಟಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ನಿರ್ದೇಶಕರನ್ನು ಕೆಳಗೇ ಬಿಟ್ಟು ಪರೀಕ್ಷಕರು ಒಬ್ಬರೇ ಪ್ರವೇಶಿಸಿದರು. ಆ ಕ್ಷಣಕ್ಕೆ ಪ್ರೋಬ್ ಕಲಾದಗಿಯ ಕೈಯಲ್ಲಿದ್ದುದರಿಂದ ವಿಜಯವೂ ಅವನದಾಯಿತು.

"ಶುರು ಮಾಡ್ರಿ," ಎಂದು ಸಿಂದಗಿಯವರು ಕುರ್ಚಿಯಲ್ಲಿ ಕುಳಿತು ತೆರೆಯನ್ನು ದಿಟ್ಟಿಸಿದರು.

ಕಲಾದಗಿಯು ಮಹಾಮಂತ್ರವನ್ನು ಸ್ಮರಿಸಿ, ಎವೆಯಿಕ್ಕದೆ ತೆರೆಯನ್ನೇ ನೋಡುತ್ತ ಮೂತ್ರಕೋಶವರ್ಣನೆಗೆ ತೊಡಗಿದನು. ಅದರ ಗೋಡೆಯನ್ನು ಹೊಗಳಿದನು, ಆಕಾರವನ್ನು ಹೊಗಳಿದನು, ಅದರಲ್ಲಿ ಕಲ್ಲಿಲ್ಲದಿರುವಿಕೆಯನ್ನು ಹೊಗಳಿದನು. ಚಿತ್ರ ಅಲುಗುತ್ತಿಲ್ಲವೆಂಬುದು ಅವನಿಗೆ ತಿಳಿಯಲಿಲ್ಲ. ಗೋಡೆಯ ಚಿತ್ರಗಳೂ ಎಂದೂ ಅಲುಗಿರಲಿಲ್ಲ. ಮೂಲೆಯಲ್ಲಿದ್ದ ಇಂದುಮತಿಗೆ ಮಾತ್ರ ತಿಳಿಯಿತು. ಹೇಳಲೆಂದು ಬಾಯಿ ತೆರೆದವಳು ತನ್ನ ಪಾಳಿಯನ್ನು ನೆನೆದು ಮುಚ್ಚಿಕೊಂಡಳು.

ಇತ್ತ ಯರಗುಪ್ಪಿಯ ಸಹನೆಯ ಕಟ್ಟೆ ಒಡೆಯುವ ಹಂತಕ್ಕೆ ಬಂದಿತ್ತು. ಆತನು ಮೆಲ್ಲನೆ ದಿಂಬನ್ನು ಎಳೆದು, ಪ್ರೋಬಿನ ಅಡಿಯಲ್ಲಿ ಅದನ್ನು ತೂರಿಸಿ, ತಾನು ಮಂಚದ ಆ ಬದಿಯಿಂದ ಇಳಿದು, ಬರಿಗಾಲಲ್ಲಿ ಶೌಚಾಲಯದತ್ತ ನಡೆದನು. ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ತೆರೆಯ ಮೇಲಿತ್ತು.

"ಪೇಷಂಟಿಗೆ ಉಸರ ಹಿಡೀಲಿಕ್ಕೆ ಹೇಳ್ರಿ," ಎಂದರು ಸಿಂದಗಿ.

"ಉಸರ ಹಿಡೀರಿ," ಎಂದನು ಕಲಾದಗಿ.

ದಿಂಬು ಉಸಿರು ಹಿಡಿಯಿತು.

"ಒತ್ತಿದರ ನೋವೇನರೇ ಐತೇನು?"

ಕಲಾದಗಿಯು ಒತ್ತಿದನು. "ಇಲ್ಲರೀ ಸರ್. ಪೇಷಂಟ್ ಭಾಳ ಕೋಆಪರೇಟಿವ್ ಅದಾರ."

ಅದೇ ಕ್ಷಣದಲ್ಲಿ ಪಕ್ಕದ ಶೌಚಾಲಯದಿಂದ ಫ್ಲಶ್ಶಿನ ಘೋಷ ಮೊಳಗಿತು. ತೆರೆಯ ಮೇಲೆ ಮೂತ್ರಕೋಶವು ಇನ್ನೂ ತುಂಬಿಯೇ ಇತ್ತು. ಸಿಂದಗಿಯವರು ಮೊದಲ ಬಾರಿಗೆ ತಿರುಗಿ ಮಂಚವನ್ನು ನೋಡಿದರು. ದಿಂಬನ್ನು ನೋಡಿದರು. ಕಲಾದಗಿಯೂ ನೋಡಿ, ಕಿವಿಯವರೆಗೆ ಕೆಂಪಾಗಿ, ಪ್ರೋಬನ್ನು ಎತ್ತಬೇಕೋ ಬಿಡಬೇಕೋ ತಿಳಿಯದೆ ನಿಂತನು. ಸಿಂದಗಿಯವರು ಕೊನೆಗೆ ತಮ್ಮ ಕೈಗಡಿಯಾರವನ್ನು ನೋಡಿದರು.

"ಗ್ವಾಡಿ ನಾರ್ಮಲ್ ಐತಲ್ಲ?"

"ಐತ್ರೀ ಸರ್."

"ಮತ್ತ ಆತಲ್ಲ. ಮುಂದ ಯಾರು?"

ಇಂದುಮತಿಯು ಅದೇ ದಿಂಬಿನ ಮೇಲೆ ಪ್ರೋಬನ್ನಿಟ್ಟು ಅದೇ ಮೂತ್ರಕೋಶವನ್ನು ಇನ್ನೂ ಚೆನ್ನಾಗಿ ಹೊಗಳಿದಳು. ಯಾವುದಕ್ಕಾಗಿ ರಣಚಂಡಿಯಾಗಿದ್ದಳೋ ಆ ಮೊದಲ ಪಾಳಿಯ ಅಗತ್ಯವೇ ಅವಳಿಗೆ ಬೀಳಲಿಲ್ಲ. ಕೈ ಒರೆಸಿಕೊಳ್ಳುತ್ತ ಬಂದ ಯರಗುಪ್ಪಿಯು ತಬ್ಬಿಬ್ಬಾಗಿ ಕೇಳಿದನು:

"ಸರ್, ನನಗ ಪೇಷಂಟ್ ಯಾರ್ರೀ?"

"ದಿಂಬು ಐತಲ್ಲರೀ."

ಹೀಗೆ ಯರಗುಪ್ಪಿಯು, ಅಷ್ಟು ಹೊತ್ತಿಗೆ ಹುಬ್ಬಳ್ಳಿಯ ಗಟಾರ ಸೇರಿದ್ದ ತನ್ನದೇ ಮೂತ್ರವನ್ನು ತೆರೆಯ ಮೇಲೆ ತೋರಿಸಿ ತೇರ್ಗಡೆಯಾದನು. ಮೂವರಿಗೂ ಸರ್ಟಿಫಿಕೇಟ್ ಬಂತು. ಸಿಂದಗಿಯವರಿಗೆ ರೈಲು ಸಿಕ್ಕಿತು. ಇವರನ್ನೆಲ್ಲ ನೆನೆದರೆ ನನಗೆ ನಗುವಿಗಿಂತ ಮೊದಲು ಅಸಹ್ಯ ಬರುತ್ತದೆ.

ಎಲ್ಲರೂ ಹೋದ ಮೇಲೆ ವಿಜಯಿಯಾದ ಕಲಾದಗಿಯು ಒಬ್ಬನೇ ಉಳಿದು ಫ್ರೀಜ್ ಗುಂಡಿಯನ್ನು ಒತ್ತಿದನು. ಸರೋವರ ಮಾಯವಾಯಿತು. ಅಂಗಿ ಎತ್ತಿ ಪ್ರೋಬನ್ನು ತನ್ನ ಹೊಟ್ಟೆಯ ಮೇಲೆಯೇ ಇಟ್ಟುಕೊಂಡನು. ಜೆಲ್ ಹಚ್ಚದಿದ್ದರೆ ಚಿತ್ರ ಬಾರದೆಂಬುದು ನೆನಪಾಗಲಿಲ್ಲ. ಆಚೆ ಸರಿಸಿದನು, ಈಚೆ ಸರಿಸಿದನು, ಪ್ರೋಬನ್ನು ತಿರುಗಿಸಿ ಹಿಡಿದನು. ಆರು ತಿಂಗಳ ತಪಸ್ಸಿನಲ್ಲಿ ಯಾರೊಡನೆಯೂ ಕಿತ್ತಾಡದೆ ಅವನು ಮಾಡಿದ ಮೊದಲ ಸ್ಕ್ಯಾನ್ ಅದು. ತೆರೆಯ ಮೇಲೆ ಏನೂ ಕಾಣಲಿಲ್ಲ. ಆಮೇಲೆ ಅಂಗಿ ಸರಿಮಾಡಿಕೊಂಡು ಊರಿನ ಕಂಪೌಂಡರನಿಗೆ ಫೋನು ಮಾಡಿದನು.

"ಪಾಸ್ ಆತು. ಸೋಮವಾರ ಮಶೀನಿನ ಬಟ್ಟಿ ತಗದು ಹಾರಾ ಹಾಕು. ಬಸುರಿಯರಿಗೆ ಇನ್ನ ಹುಬ್ಬಳ್ಳಿಗೆ ಹೋಗಬ್ಯಾಡ್ರಿ, ನೀರ ಕುಡದು ಇಲ್ಲೇ ಬರ್ರಿ ಅಂತ ಹೇಳು."

ಜೆಲ್ ಮೆತ್ತಿದ ದಿಂಬಿನ ಚೀಲವನ್ನು ಮಾತ್ರ ಯಾರೂ ಒಗೆಯಲು ಹಾಕಲಿಲ್ಲ.