ಬಾಯಿಪಾಠದ ವಿರುದ್ಧ ಒಂದು ಬಾಯಿಪಾಠ

ಸ್ವಂತ ಅಭಿಪ್ರಾಯ ಇರುವ ಮಕ್ಕಳೆಂದರೆ ನನಗೆ ಬಹಳ ಪ್ರೀತಿ. ಆ ಅಭಿಪ್ರಾಯವನ್ನು ನಾನೇ ಬರೆದುಕೊಟ್ಟಿರಬೇಕು, ಅಷ್ಟೇ. ಹೀಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಯಾಕೆಂದರೆ ನನಗೆ ಗೊತ್ತಿರುವ ಕನ್ನಡ ಮಾಸ್ತರರೆಲ್ಲ ಮಾಡುವುದು ಇದನ್ನೇ. ಶಾಲೆಯ ಚರ್ಚಾ ಸ್ಪರ್ಧೆ ಎಂದರೆ ಒಬ್ಬ ಮಾಸ್ತರ ರಾತ್ರಿ ಊಟವಾದ ಮೇಲೆ ಕೂತು ಪರವಾಗಿ ಎರಡು ಪುಟ, ವಿರೋಧವಾಗಿ ಎರಡು ಪುಟ ಬರೆಯುತ್ತಾನೆ. ಇಬ್ಬರು ಮಕ್ಕಳು ಅದನ್ನು ಉರು ಹೊಡೆದು ಒಬ್ಬರ ಕಡೆಗೊಬ್ಬರು ಕೈ ತೋರಿಸಿ ಕೂಗಾಡುತ್ತಾರೆ. ಆ ಮಾಸ್ತರ ಮೂಲೆಯ ಕುರ್ಚಿಯಲ್ಲಿ ಕೂತು ಎರಡೂ ಕಡೆಗೆ ಚಪ್ಪಾಳೆ ತಟ್ಟುತ್ತಾನೆ. ತನ್ನ ಜೊತೆ ತಾನೇ ಜಗಳವಾಡಿ ಪ್ರತಿಸಲವೂ ಗೆಲ್ಲುವ ಇಂಥ ಸುಖ ಸಂಸಾರಸ್ಥನಿಗೆ ಬೇರೆಲ್ಲೂ ಸಿಗುವುದಿಲ್ಲ. ಮನೆಯಲ್ಲಿ ನಾನು ಒಂದೇ ಕಡೆಯಿಂದ ವಾದಿಸುತ್ತೇನೆ, ಅದರಲ್ಲೂ ಸೋಲುತ್ತೇನೆ.

ನಾನು ಮುಂಡಗೋಡ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೇನೆ. ಊರಿನ ಹೆಸರು ಹೇಳಿದರೆ ನಮ್ಮ ಹೆಡ್‌ಮಾಸ್ತರರಿಗೆ ಸಿಟ್ಟು ಬರುತ್ತದೆ, ಅವರಿಗೆ ಈಗಾಗಲೇ ಬೇಕಾದಷ್ಟು ಸಿಟ್ಟಿದೆ. ತಾಲೂಕು ಮಟ್ಟದ ಚರ್ಚಾ ಸ್ಪರ್ಧೆಗೆ ಪ್ರತಿವರ್ಷ ನಾನು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ಭಾಗವಹಿಸಿದ್ದಕ್ಕೆಂದು ಕೊಡುವ ಪ್ರಮಾಣಪತ್ರ ತರುತ್ತೇನೆ. ಈ ವರ್ಷ ಅವರು ನನ್ನನ್ನು ಕರೆದು, "ಪ್ರಮಾಣಪತ್ರ ಇಡಾಕ ಕಪಾಟಿನಾಗ ಜಾಗಾ ಇಲ್ರಿ. ಈ ಸಲ ಕಪ್ ತರ್ರಿ. ಇಲ್ಲಂದ್ರ ಮುಂದಿನ ವರ್ಷದಿಂದ ಇದನ್ನ ಹಿಂದಿ ಮೇಡಂ ಅವರಿಗೆ ಕೊಡೂಣು" ಎಂದರು. ಕನ್ನಡ ಚರ್ಚಾ ಸ್ಪರ್ಧೆಯನ್ನು ಹಿಂದಿ ಮೇಡಂ ಕೈಗೆ ಕೊಡುವುದೆಂದರೆ ಕನ್ನಡ ಮಾಸ್ತರನನ್ನು ಸ್ಟಾಫ್ ರೂಮಿನ ಮಧ್ಯದಲ್ಲಿ ನಿಲ್ಲಿಸಿ ಮುಖಕ್ಕೆ ಮಸಿ ಬಳಿದ ಹಾಗೆ.

ವಿಷಯ ಮೇಲಿನಿಂದಲೇ ಬಂದಿತ್ತು: 'ಬಾಯಿಪಾಠದಿಂದ ಕಲಿಕೆ ಹಾಳಾಗುತ್ತದೆ.' ಮಕ್ಕಳಲ್ಲಿ ಸ್ವತಂತ್ರ ಚಿಂತನೆ ಬೆಳೆಸಬೇಕಂತೆ. ತಾಲೂಕಿಗೆ ಯಾರನ್ನು ಕಳಿಸಬೇಕೆಂದು ತರಗತಿಯಲ್ಲೇ ಮೊದಲು ಒಂದು ಚರ್ಚೆ ನಡೆಸಿ, ಗೆದ್ದವರನ್ನು ಆರಿಸಬೇಕಂತೆ. ನಾನು ತಡಮಾಡದೆ ಆರಿಸಿಬಿಟ್ಟೆ. ಪರವಾಗಿ ಮಾತಾಡಲು ರೇಣುಕಾ. ಕಿರಾಣಿ ಅಂಗಡಿಯವರ ಮಗಳು, ಬೆಳಿಗ್ಗೆ ಕೊಟ್ಟ ಪದ್ಯವನ್ನು ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಅಲ್ಪವಿರಾಮದ ಸಮೇತ ಒಪ್ಪಿಸುವವಳು. ಬಾಯಿಪಾಠವನ್ನು ಖಂಡಿಸಲು ಅವಳಿಗಿಂತ ಯೋಗ್ಯರು ಶಾಲೆಯಲ್ಲಿ ಯಾರೂ ಇರಲಿಲ್ಲ. ವಿರೋಧಕ್ಕೆ ಸನವಳ್ಳಿಯಿಂದ ಬಸ್ಸಿನಲ್ಲಿ ಬರುವ ಮಂಜುಳಾ. ಅವಳನ್ನು ಆರಿಸಿದ್ದು ಸೋಲಲಿ ಎಂದೇ. ನಾಲ್ಕು ಸಾಲಿನ ಪದ್ಯದಲ್ಲಿ ಮೂರು ಸಾಲು ಮರೆತು, ಉಳಿದ ಒಂದರಲ್ಲಿ ತನ್ನದೇನೋ ಸೇರಿಸಿ ಹೇಳುವ ಹುಡುಗಿ ಅವಳು. ಕಂಡಕ್ಟರನ ಜೊತೆ ಮಾತ್ರ ಊರಿಂದ ಶಾಲೆಯವರೆಗೂ ಬಿಡುವಿಲ್ಲದೆ ವಾದ ಮಾಡುತ್ತಾಳೆಂದು ಕೇಳಿದ್ದೆ. ಅದು ನಮ್ಮ ಪಠ್ಯದಲ್ಲಿ ಬರುವುದಿಲ್ಲವಾದ್ದರಿಂದ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬರೆಯುವಾಗ ಪಕ್ಷಪಾತ ಮಾಡಿದೆ. ರೇಣುಕಾಳಿಗೆ ನನ್ನ ಒಳ್ಳೆಯ ಮಾತುಗಳನ್ನೆಲ್ಲ ಕೊಟ್ಟೆ. 'ಮಗುವಿನ ತಲೆ ತುಂಬುವ ಚೀಲವಲ್ಲ' ಎಂಬ ವಾಕ್ಯ ಬರೆದು ನಾನೇ ಮೈಮರೆತು ಅಡುಗೆಮನೆಗೆ ಹೋಗಿ ಓದಿ ಹೇಳಿದೆ. ಮಂಜುಳಾಳಿಗೆ ಮಗ್ಗಿ, ವ್ಯಾಕರಣ ಎಂದು ಸಪ್ಪಗೆ ಎರಡು ಪುಟ ತುಂಬಿಸಿದೆ. ನನ್ನ ಹೆಂಡತಿ ಜೋಳದ ಹಿಟ್ಟು ನಾದುತ್ತಾ ಎರಡನ್ನೂ ಕೇಳಿ, "ಎರಡೂ ಕಡೆ ನೀವ ಬರದ್ರ, ಸೋಲೂ ಕಡೆನೂ ನೀವ ಅಲ್ಲೇನ್ರಿ" ಎಂದಳು. ಅದಕ್ಕೆ ಉತ್ತರ ಬರೆದಿಟ್ಟುಕೊಂಡಿರಲಿಲ್ಲವಾದ್ದರಿಂದ ಸುಮ್ಮನೆ ಹೊರಗೆ ಬಂದೆ.

ಚರ್ಚೆಯ ದಿನ ಒಂಬತ್ತನೇ ತರಗತಿಯ ಬೆಂಚುಗಳನ್ನು ಎರಡು ಭಾಗ ಮಾಡಿದೆವು. ನಿರ್ಣಾಯಕರಾಗಿ ಊರಿನ ನಿವೃತ್ತ ಶಿಕ್ಷಕ ಗುರುಪಾದಪ್ಪ ಮಾಸ್ತರರು ಬಂದು ಶಾಲು ಹೊದ್ದು ಕೂತರು. ಸಮಯ ನೋಡುವ ಹುಡುಗಿಗೆ ಸ್ಟೀಲ್ ತಟ್ಟೆ, ಚಮಚ ಕೊಟ್ಟೆವು. ರೇಣುಕಾ ಎದ್ದಳು. ವೇದಿಕೆಯ ಮೇಲಿನ ಗಣ್ಯರೇ, ಸರಸ್ವತಿಯ ಸುಪುತ್ರರಾದ ನಿರ್ಣಾಯಕರೇ, ಸಮಯದ ಬೆಲೆ ಅರಿತ ಸಮಯಪಾಲಕರೇ ಎಂದು ಶುರುಮಾಡಿ, ಸಮಯದ ಕಾಲುಭಾಗವನ್ನು ಸಮಯದ ಬೆಲೆ ಹೇಳುವುದರಲ್ಲೇ ಕಳೆದಳು. ಅಲ್ಲಿ ವೇದಿಕೆ ಇರಲಿಲ್ಲ, ಗಣ್ಯರೂ ಇರಲಿಲ್ಲ, ಆದರೆ ನಾನು ಬರೆದಿದ್ದೆನಲ್ಲ. ಆಮೇಲೆ ಬಾಯಿಪಾಠವನ್ನು ಎಷ್ಟು ಚೆಂದ ಬಾಯಿಪಾಠ ಮಾಡಿ ಬೈದಳೆಂದರೆ ನನ್ನ ಕಣ್ಣು ತುಂಬಿ ಬಂತು. ಎಲ್ಲಿ ಕೈ ಎತ್ತಬೇಕೆಂದಿದ್ದೆನೋ ಅಲ್ಲೇ ಎತ್ತಿದಳು. ಚೀಲದ ವಾಕ್ಯ ಬಂದಾಗ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಯಾಕೆಂದು ನನಗೆ ತಿಳಿಯಲಿಲ್ಲ.

ಮಂಜುಳಾ ಎದ್ದು ಗಣ್ಯರೇ ಎಂದಳು, ನಿಂತಳು. ಇನ್ನೊಮ್ಮೆ ಗಣ್ಯರೇ ಎಂದಳು. ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿ ಮುಂದಿನ ಪದವನ್ನು ತುಟಿಯಲ್ಲಿ ತೋರಿಸಿದೆ. ಅವಳು ಅದನ್ನು ನೋಡಲೇ ಇಲ್ಲ.

"ಮರತ್ಹೋತ್ರಿ" ಎಂದಳು. ತರಗತಿ ನಕ್ಕಿತು. ಅವಳೂ ನಕ್ಕಳು. "ನೋಡ್ರಿ, ನಾನು ಬಾಯಿಪಾಠ ಮಾಡಿದ್ರ ಹಿಂಗ ನಿಮ್ಮ ಮುಂದ ಮಂಗ್ಯಾನಂಗ ನಿಲ್ತಿರಲಿಲ್ಲ. ಅದಕ್ಕ ಬಾಯಿಪಾಠ ಬೇಕಾ ಬೇಕು ಅಂತೇನಿ. ನಮ್ಮಪ್ಪನ ಮೊಬೈಲ್ ಮುಂಡಗೋಡ ಬಸ್‌ಸ್ಟ್ಯಾಂಡಿನಾಗ ಬಿದ್ದು ಒಡದ್ಹೋತು. ಅಂವಗ ಒಂದ ನಂಬರ ಬಾಯಿಪಾಠ ಇರಲಿಲ್ಲ, ನಮ್ಮವ್ವನ ನಂಬರ ಸೈತ ಇರಲಿಲ್ಲ. ಸಂಜೀ ತನಕಾ ಅಲ್ಲೇ ಕುಂತಿದ್ದ. ನಮ್ಮವ್ವ ಊರಾಗ ಅಳಾಕತ್ತಿದ್ಲು. ನಮ್ಮ ಅಜ್ಜಿಗ ಓದಾಕ ಬರೂದಿಲ್ಲ, ಆದ್ರ ಸೋಬಾನಿ ಪದ ಹೊತ್ತ ಮುಳಗೂತನಾ ಹಾಡತಾಳ. ಅಕೀ ತಲೀ ಹಾಳಾಗಿಲ್ಲ, ನಮ್ಮಪ್ಪನ ಮೊಬೈಲ್ ಹಾಳಾತು."

ನಾನು ಬರೆದ ಒಂದು ಪದವೂ ಇದರಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆ ಉರಿಯಿತು. ತಟ್ಟೆಯ ಹುಡುಗಿ ಬಾರಿಸುವುದನ್ನೇ ಮರೆತು ಬಾಯಿ ತೆರೆದು ಕೇಳುತ್ತಿದ್ದಳು.

ಕೊನೆಗೆ ಎದುರಾಳಿಗೆ ಒಂದು ಪ್ರಶ್ನೆ ಕೇಳುವ ಅವಕಾಶವಿತ್ತು. ಆ ಪ್ರಶ್ನೆಯನ್ನೂ ನಾನೇ ಬರೆದುಕೊಟ್ಟಿದ್ದೆ, ಉತ್ತರವನ್ನೂ. ಮಂಜುಳಾ ಅದನ್ನೂ ಮರೆತಿದ್ದಳು. "ರೇಣುಕಾ, ಖರೇ ಹೇಳು. ನೀ ಈಗ ಹೇಳಿದ್ದು ಬಾಯಿಪಾಠ ಮಾಡಿದ್ದೋ ಇಲ್ಲೋ?" ಎಂದು ಕೇಳಿದಳು. ರೇಣುಕಾ ನನ್ನ ಕಡೆ ನೋಡಿದಳು. ತರಗತಿಯೆಲ್ಲ ನನ್ನ ಕಡೆ ನೋಡಿತು. ಪಾಪ, ಆ ಮಗುವಿನ ಮುಖ ನೋಡಿ ನನಗೆ ಸಂಕಟವಾಯಿತು. ಇಷ್ಟು ದಿನ ನಾನು ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಟ್ಟವಳು, ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದೆ ಹೆಗಲ ಮೇಲಿನ ಓಡ್ನಿಯ ತುದಿ ತಿರುಚುತ್ತಾ ನಿಂತಿದ್ದಳು.

ಗುರುಪಾದಪ್ಪ ಮಾಸ್ತರರು ಶಾಲು ಸರಿಮಾಡಿಕೊಂಡು ಎದ್ದರು. "ಮೊದಲ ಹುಡುಗಿ ಮಾತಾಡೂ ಮುಂದ ನಾನು ಅಕೀ ಮುಖಾ ನೋಡಬೇಕೋ, ಸರ್ ಅವರ ತುಟಿ ನೋಡಬೇಕೋ ತಿಳೀಲಿಲ್ಲ. ಎರಡೂ ಕೂಡೇ ಹೊಂಟಿದ್ವು. ಸರ್ ಅವರಿಗೆ ಸಮಾಧಾನಕರ ಬಹುಮಾನ ಕೊಡ್ರಿ. ಮುಂಡಗೋಡಕ್ಕ ಮಂಜುಳಾನ್ನ ಕಳಸ್ರಿ" ಎಂದರು. ಹಿಂದಿನ ಬೆಂಚಿನವರು ಯಾಕೆ ನಕ್ಕಿದ್ದರೆಂಬುದು ಆಗ ತಿಳಿಯಿತು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಒಳಗೆ ಬಂದು ನನ್ನ ಬೆನ್ನು ತಟ್ಟಿ, "ಕಪ್ ಬಂತಂತ ತಿಳೀರಿ. ಈ ಹುಡುಗೀನ್ನ ಛೊಲೋ ತಯಾರ ಮಾಡ್ರಿ" ಎಂದರು.

ತಯಾರು ಮಾಡು ಎಂದರೆ ನನಗೆ ಗೊತ್ತಿರುವುದು ಒಂದೇ ದಾರಿ. ಮನೆಗೆ ಬಂದು ಕೂತು, ಮಂಜುಳಾ ತನ್ನ ಸ್ವಂತ ಮಾತಿನಲ್ಲಿ ಏನೇನು ಹೇಳಬೇಕೆಂದು ಬರೆಯತೊಡಗಿದೆ. ಅಪ್ಪನ ಮೊಬೈಲನ್ನು 'ದೂರವಾಣಿ' ಮಾಡಿದೆ. ಮಂಗ್ಯಾ ಎಂಬುದನ್ನು ತೆಗೆದೆ, ಶಿಷ್ಟವಲ್ಲ. ಅವಳ ಅವ್ವನ ಅಳುವಿಗೆ ಎರಡು ವಿಶೇಷಣ ಸೇರಿಸಿದೆ. ಮೂರನೆಯ ಸಾಲಿನ ಕೊನೆಗೆ ಕೆಂಪು ಪೆನ್ನಿನಲ್ಲಿ 'ಇಲ್ಲಿ ಮರೆತವರಂತೆ ನಿಲ್ಲುವುದು, ಆಮೇಲೆ ನಗುವುದು' ಎಂದು ಬರೆದೆ. ಹೆಂಡತಿ ಬಗ್ಗಿ ಓದಿ, ಚಹಾ ಇಟ್ಟು ಹೋದಳು.

ಮಂಜುಳಾ ಮೊದಲು ತಕರಾರು ಮಾಡಿದಳು. ದಿನಾ ಸಂಜೆ ಬಸ್ಸು ಬರುವವರೆಗೆ ಕೂರಿಸಿ ಹೇಳಿಸಿದೆ, ಗದರಿಸಿದೆ, ಬಸ್‌ಸ್ಟಾಪಿನವರೆಗೂ ಹಿಂದೆ ಹೋಗಿ ಹೇಳಿಸಿದೆ. ಒಂದು ದಿನ ಬಂದು, "ಸರ್, ಮರೀಬೇಕು ಅಂತ ಬರದೀರಲ್ರಿ, ಅಲ್ಲಿ ಮರೆಯಾಕ ಆಗವಲ್ದ್ರಿ. ಬಾಯಿಪಾಠ ಆಗಿಬಿಟ್ಟೈತಿ" ಎಂದಳು. ಅವಳ ಮುಖ ಸಣ್ಣದಾಗಿತ್ತು. ನನಗೆ ಮಾತ್ರ ಹೆಮ್ಮೆಯೇ ಆಯಿತು. ಯಾವ ಮಾಸ್ತರನಿಗೂ ಒಂದು ಪದ್ಯ ಒಪ್ಪಿಸದ ಹುಡುಗಿಗೆ ನಾನು ಬಾಯಿಪಾಠ ಕಲಿಸಿದ್ದೆ. ಈಚೆಗೆ ಕಂಡಕ್ಟರನ ಜೊತೆಗೂ ಅವಳ ವಾದ ಕಡಿಮೆಯಾಗಿದೆ, ಕಿಟಕಿ ಪಕ್ಕ ಕೂತು ಏನೋ ಗುನುಗುತ್ತಿರುತ್ತಾಳೆ ಎಂದು ಉಳಿದ ಮಕ್ಕಳು ಹೇಳಿದರು. ಓದಿನ ಕಡೆ ಮನಸ್ಸು ಬಂತೆಂದು ಸಂತೋಷಪಟ್ಟೆ.

ಮುಂಡಗೋಡದಲ್ಲಿ ಅವಳು ಎಲ್ಲೂ ತಡವರಿಸಲಿಲ್ಲ. ಗಣ್ಯರೇ ಎಂದಳು, ಹೇಳಿದ ಕಡೆ ನಿಂತಳು, ಹೇಳಿದ ಕಡೆ ನಕ್ಕಳು. ಉಳಿದವರು ಯಾರೂ ನಗಲಿಲ್ಲ. ನಾನು ಈ ಸಲ ಬುದ್ಧಿವಂತನಾಗಿ ಕರವಸ್ತ್ರದಿಂದ ತುಟಿ ಮುಚ್ಚಿಕೊಂಡಿದ್ದೆ. ಕಪ್ ಬೇರೆ ಶಾಲೆಯ ಪಾಲಾಯಿತು. ನಮಗೆ ಪ್ರಮಾಣಪತ್ರ ಕೊಟ್ಟರು. ಮಂಜುಳಾ ಅದನ್ನು ನನ್ನ ಕೈಗೇ ಕೊಟ್ಟು, "ಇದು ನಿಮ್ದ್ರಿ ಸರ್" ಎಂದು ಬಸ್ಸಿನ ಕಡೆ ನಡೆದಳು. ಅಷ್ಟರಲ್ಲಿ ನಿರ್ಣಾಯಕರಲ್ಲೊಬ್ಬರು ಚಹಾದ ಕಪ್ಪು ಹಿಡಿದು ನನ್ನ ಹತ್ತಿರ ಬಂದು, "ಹುಡುಗಿ ಭಾರೀ ಬಾಯಿಪಾಠ ಮಾಡ್ಯಾಳ ಬಿಡ್ರಿ. ಒಂದಕ್ಷರ ತಪ್ಪಲಿಲ್ಲ" ಎಂದರು.

ಅಭ್ಯಾಸಬಲ ನೋಡಿ, "ಎಲ್ಲಾ ನಿಮ್ಮ ಆಶೀರ್ವಾದರಿ" ಎಂದು ಕೈಮುಗಿದೆ.